ಮಸಿ, ಚರೆ, ಚಳಿಗಾಲ

ಡಿಸೆಂಬರ್ ತಿಂಗಳಲ್ಲಿ ಮೂಡಿಗೆರೆ ಕಡೆಯ ಕಾಫಿ ಕಣಕ್ಕೆ ಬಿಸಿಲು ಇಳಿಯುವುದೇ ತಡ. ಅರೇಬಿಕಾ ಕೊಯ್ಲಿಗೆ ಆಳುಗಳು ಹೊರಟ ಮೇಲೆ ಹಳೆಯ ತೋಟದ ಮನೆಗಳ ಜಗುಲಿಗೆ ಇನ್ನೊಂದು ವಸ್ತುವೂ ಬರುತ್ತಿತ್ತು. ಜೂನ್‌ನಿಂದ ಬೆಚ್ಚನೆಯ ಮೂಲೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಕೋವಿಯ ತೋಟಾಗಳ ಡಬ್ಬಿ ಅದು. ಮಳೆಗಾಲದ ಥಂಡಿ ಯಾವುದಕ್ಕೆ ಹಿಡಿದಿದೆ, ಯಾವುದು ಉಳಿದಿದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಕಾಲ ಇರಲಿಲ್ಲ.

ಆಗಿನ ತೋಟಾದ ಕವಚ ಕಾಗದದ್ದು. ಬುಡಕ್ಕೆ ಮಾತ್ರ ಹಿತ್ತಾಳೆಯ ಟೊಪ್ಪಿ. ಕಳಸದಂಥ ಊರಿನ ಮಳೆಗೆ ಕಾಗದ ಉಬ್ಬಿದರೆ ಅದು ನಳಿಗೆಯ ಬಾಯಿಗೆ ಹೋಗುವುದಿಲ್ಲ. ಹೇಗೋ ತುರುಕಿದರೂ ಹಾರಿದ ಮೇಲೆ ಹೊರಗೆ ಬರುವುದಿಲ್ಲ. ಗದ್ದೆಗೆ ಹಂದಿ ನುಗ್ಗಿದ ರಾತ್ರಿಯಲ್ಲಿ ಇದು ಗೊತ್ತಾದರೆ ಕೇಳುವುದೇ ಬೇಡ. 1960ರಲ್ಲಿ ಅಮೆರಿಕದ ರೆಮಿಂಗ್ಟನ್ ಕಂಪನಿ ಪ್ಲಾಸ್ಟಿಕ್ ಕವಚದ ತೋಟಾ ತಂದದ್ದು ಜಗತ್ತಿಗೆ ಸಣ್ಣ ಸುದ್ದಿ ಇರಬಹುದು, ಮಲೆನಾಡಿನಂಥ ಸೀಮೆಗೆ ದೊಡ್ಡ ಉಪಕಾರ.

ಪೂರಾ ಹಿತ್ತಾಳೆಯ ತೋಟಾಗಳೂ ಇದ್ದವು. ಹಾರಿಸಿದ ಮೇಲೆ ಖಾಲಿ ಕವಚವನ್ನು ಎಸೆಯದೆ, ಹೊಸ ಕೇಪು ಕೂರಿಸಿ, ಮಸಿ ಎಂದರೆ ಕೋವಿಮದ್ದು, ಬಿಲ್ಲೆ, ಚರೆ ತುಂಬಿ ಮತ್ತೆ ಬಳಸಬಹುದಾಗಿತ್ತು. ಇದೇ ಕೆಲಸ ಅಮೆರಿಕದಲ್ಲಿ ಒಂದು ದೊಡ್ಡ ಹವ್ಯಾಸ. ಹೊರಗೆ ಹಿಮ ಬೀಳುವಾಗ ನೆಲಮಾಳಿಗೆಯಲ್ಲೋ ಗ್ಯಾರೇಜಿನಲ್ಲೋ ಕುಳಿತು ಸಣ್ಣ ತಕ್ಕಡಿ, ಕೈಯೊತ್ತಿನ ಯಂತ್ರ ಇಟ್ಟುಕೊಂಡು ತೋಟಾ ತುಂಬುವವರು ಅಲ್ಲಿ ಲೆಕ್ಕವಿಲ್ಲದಷ್ಟು. ವಿಸ್ಕಾನ್ಸಿನ್‌ನ ರಿಚರ್ಡ್ ಲೀ 1958ರಲ್ಲಿ ಇದಕ್ಕೆಂದೇ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಸಲಕರಣೆ ಮಾಡಿ ಒಂದು ಕಂಪನಿಯನ್ನೇ ಕಟ್ಟಿದ. ಕೇಪಿನ ಕತೆಯಂತೂ ತಮಾಷೆಯದು. ಇಂಗ್ಲಿಷರ ಬಾಕ್ಸರ್ ಕಂಡುಹಿಡಿದ ಕೇಪು ಅಮೆರಿಕದಲ್ಲಿ ನೆಲೆಸಿತು, ಅಮೆರಿಕದ ಬರ್ಡನ್ ಮಾಡಿದ್ದು ಯೂರೋಪಿನಲ್ಲಿ. ಬಾಕ್ಸರ್ ಕೇಪನ್ನು ಕೀಳುವುದು ಸುಲಭ. ಅಮೆರಿಕದಲ್ಲಿ ಈ ಹವ್ಯಾಸ ಬೆಳೆಯಲು ಅದೂ ಒಂದು ಕಾರಣ.

ನಮ್ಮ ಬೆಟ್ಟಗಳಲ್ಲಿ ಇದು ಹವ್ಯಾಸ ಎನ್ನಿಸಿಕೊಳ್ಳಲೇ ಇಲ್ಲ. ಕತ್ತಿ ಮಸೆಯುವುದು, ಬುಟ್ಟಿ ಹೆಣೆಯುವುದು ಇದ್ದ ಹಾಗೆ ಇದೂ ಒಂದು ಮನೆಗೆಲಸ. ಆದರೆ ಕೈ ತಪ್ಪಿದರೆ ಬೆರಳು ಹೋಗುವ ಮನೆಗೆಲಸ. ಹಳೆಯ ಕರಿ ಮಸಿ ಹೊಗೆ ಎಬ್ಬಿಸುತ್ತದೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಕಂಡುಹಿಡಿದ ಹೊಗೆಯಿಲ್ಲದ ಮದ್ದಿನ ಶಕ್ತಿಯೇ ಬೇರೆ. ಕರಿ ಮಸಿಯ ಅಳತೆಯಲ್ಲಿ ಅದನ್ನು ತುಂಬಿದರೆ ಅಜ್ಜನ ಕಾಲದ ನಳಿಗೆ ಗುರಿಯ ಕಡೆಗಲ್ಲ, ಹಿಡಿದವನ ಮುಖಕ್ಕೇ ಸಿಡಿದೀತು. ‘ಹನ್ನೆರಡು ಬೋರ್’ ಎನ್ನುವುದೂ ಇಂಥದೇ ಹಳೆಯ ತೂಕದ ಲೆಕ್ಕ: ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಮಾಡಿದರೆ ಒಂದೊಂದರ ಗಾತ್ರ ಎಷ್ಟೋ, ನಳಿಗೆಯ ಬಾಯಿ ಅಷ್ಟು.

ಈಗ ಈ ಮನೆಗೆಲಸಕ್ಕೆ ಕಾನೂನು ಅಡ್ಡ ನಿಂತಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸು ಅದಕ್ಕೆ ಸಾಲದು. 2019ರ ತಿದ್ದುಪಡಿ ಬಂದ ಮೇಲೆ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ ಜೈಲು, ಹೆಚ್ಚೆಂದರೆ ಜೀವಾವಧಿ. ಆದ್ದರಿಂದ ಬೆಳೆಗಾರರು ಅಂಗಡಿಯ ತೋಟಾವನ್ನೇ ತರುತ್ತಾರೆ, ಲೈಸೆನ್ಸಿನಲ್ಲಿ ಬರೆದಷ್ಟೇ.

ಆದರೆ ಅದೇ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಒಂದು ಸ್ವಾರಸ್ಯವಿದೆ. ಬೆಳೆ ಕಾಯಲು ರೈತನಿಗೆ ಕೊಡಬಹುದಾದ್ದು ಎಂದು ಅದು ಹೆಸರಿಸುವುದು ಬಾಯಿಂದ ತುಂಬುವ ಕೋವಿಯನ್ನು, ಅಂದರೆ ನಮ್ಮ ಕೇಪಿನ ಕೋವಿಯನ್ನು. ಅದಕ್ಕೆ ತೋಟಾ ಇಲ್ಲವೇ ಇಲ್ಲ. ನಳಿಗೆಯೊಳಕ್ಕೆ ಮಸಿ ಸುರಿದು, ತೆಂಗಿನ ಕತ್ತ ಇಟ್ಟು ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ಕತ್ತ ಜಡಿದು, ಕೊನೆಗೆ ಕೇಪು ಸಿಕ್ಕಿಸಬೇಕು. ಒಂದೊಂದು ಈಡನ್ನೂ ಕೈಯಾರೆ ತುಂಬಲೇಬೇಕು. ಜಗುಲಿಯ ಮೇಲೆ ಬೇಡ ಎಂದ ಕೆಲಸವನ್ನು ಗದ್ದೆಯ ಅಂಚಿನಲ್ಲಿ, ಕತ್ತಲಲ್ಲಿ, ಹಂದಿ ಗುಟುರು ಹಾಕುತ್ತಿರುವಾಗ ಮಾಡು ಎಂದಂತಾಯಿತು! ಮಸಿ ತೇವ ಹೀರಿದ್ದರೆ ಕೇಪು ಟಪ್ ಎಂದು ಸುಮ್ಮನಾಗುತ್ತದೆ. ಹಂದಿಗೆ ಆ ಸದ್ದೇ ಎಚ್ಚರಿಕೆ.

ಸದ್ದು ಮಾಡಿ ಓಡಿಸುವುದಷ್ಟೇ ಈಗ ಕೋವಿಯ ಕೆಲಸ ಎನ್ನುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಬೇಟೆಯ ಲೈಸೆನ್ಸನ್ನೇ ತೆಗೆದುಹಾಕಿತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 1933ರ ‘ಮಲೆನಾಡಿನ ಚಿತ್ರಗಳು’ ಪುಸ್ತಕದಲ್ಲಿ ಕಾಣಿಸಿದ ಬೇಟೆಯ ಲೋಕ, ಸೋವು, ಮರಸು, ಕಂಡಿ ಎಂಬ ಮಾತುಗಳ ಸಮೇತ, ಇವತ್ತಿನ ಹುಡುಗರಿಗೆ ಅರ್ಥಕೋಶದ ವಿಷಯ. ಅವರ ಮಗ ತೇಜಸ್ವಿ ಮೂಡಿಗೆರೆಯಲ್ಲಿ ನೆಲೆಸಿ ಕೆನೆತ್ ಆಂಡರ್ಸನ್ ಮತ್ತು ಜಿಮ್ ಕಾರ್ಬೆಟ್ಟರ ಬೇಟೆಯ ಕಥೆಗಳನ್ನು ಕನ್ನಡಕ್ಕೆ ತಂದರು. ಆದರೆ ಅವರ ಕೈಯಲ್ಲಿ ನಾಡು ಕಂಡದ್ದು ಗಾಳ ಮತ್ತು ಕ್ಯಾಮೆರಾ. ಸ್ಕೂಟರನ್ನೋ ಕ್ಯಾಮೆರಾವನ್ನೋ ಬಿಚ್ಚಿ ಹರಡಿಕೊಂಡು ಕೂರುವ ಅವರ ಚಟಕ್ಕೂ ತೋಟಾ ತುಂಬುವವನ ತಾಳ್ಮೆಗೂ ದೂರವಿಲ್ಲ. ಎರಡೂ ಸಣ್ಣ ಭಾಗಗಳ ಮೇಲಿನ ಮೋಹ.

ಕೊಡಗಿನ ಮಾತು ಬೇರೆ. ಅಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೈಲ್‌ಪೊಳ್ದು ಹಬ್ಬದಂದು ಕೋವಿಗೆ ಪೂಜೆಯೂ ಇದೆ. ಚಿಕ್ಕಮಗಳೂರಿನವರಿಗೆ ಇರುವುದು ಐದು ವರ್ಷಕ್ಕೊಮ್ಮೆ ನವೀಕರಣ, ಮತ್ತು ಚುನಾವಣೆ.

ಚುನಾವಣೆ ಘೋಷಣೆಯಾದರೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಸೂಚನೆ ಬರುತ್ತದೆ. ಇತ್ತೀಚಿನ ವಿಧಾನಸಭೆ, ಲೋಕಸಭೆ ಚುನಾವಣೆಗಳು ಏಪ್ರಿಲ್, ಮೇ ತಿಂಗಳಲ್ಲಿ ನಡೆದಿವೆ. ಹಲಸಿನ ವಾಸನೆಗೆ ಆನೆ ತೋಟಕ್ಕಿಳಿಯುವುದೂ ಆಗಲೇ. ಮತ ಎಣಿಕೆ ಮುಗಿದು ಕೋವಿ ಮನೆಗೆ ಬರುವಾಗ ಮುಂಗಾರು ಬಾಗಿಲಲ್ಲಿ ನಿಂತಿರುತ್ತದೆ. ಯಜಮಾನ ಮೊದಲು ಮಾಡುವುದು ನಳಿಗೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಒಳಗೆ ತುಕ್ಕು ಹತ್ತಿದೆಯೇ ಎಂದು ನೋಡುವುದು.