ಎಲೆಕ್ಟ್ರಾ ಸ್ಟ್ರೀಟ್: ಕಡಕ್ ಚಹಾದ ಬೀದಿ, ಮಗ್ಗುಲಲ್ಲೇ ಫ್ರಾನ್ಸಿನ ಊಟ

ಅಬುಧಾಬಿ ದ್ವೀಪದ ಉತ್ತರ ತುದಿಯಲ್ಲಿ, ಕಡಲಂಚಿನ ಕಾರ್ನಿಷ್ ರಸ್ತೆಗೆ ಸಮಾನಾಂತರವಾಗಿ ಹಾದುಹೋಗುವ ಹಳೆಯ ಪೇಟೆ ಬೀದಿಯೇ ಎಲೆಕ್ಟ್ರಾ ಸ್ಟ್ರೀಟ್. ಇದರ ಅಧಿಕೃತ ಹೆಸರು ಮೊದಲನೆಯ ಜಾಯೆದ್ ರಸ್ತೆ. 1855ರಿಂದ 1909ರವರೆಗೆ ಅಬುಧಾಬಿಯನ್ನು ಆಳಿದ ಶೇಖ್ ಜಾಯೆದ್ ಬಿನ್ ಖಲೀಫಾ ಅವರ ನೆನಪಿಗೆ ಇಟ್ಟದ್ದು. ಹಳೆಯ ಲೆಕ್ಕದಲ್ಲಿ ಇದು 7ನೇ ರಸ್ತೆ. ಕಡಲಿಗೆ ಸಮಾನಾಂತರವಾದ ರಸ್ತೆಗಳಿಗೆ ಬೆಸ ಸಂಖ್ಯೆ, ಅವನ್ನು ಕತ್ತರಿಸುವ ರಸ್ತೆಗಳಿಗೆ ಸಮ ಸಂಖ್ಯೆ: ಕಾರ್ನಿಷ್ 1, ಖಲೀಫಾ 3, ಹಮ್ದಾನ್ 5, ಆಮೇಲೆ ಎಲೆಕ್ಟ್ರಾ. ಸಂಖ್ಯೆಯಾಗಲಿ ಅಧಿಕೃತ ಹೆಸರಾಗಲಿ ಟ್ಯಾಕ್ಸಿಯವರ ಬಾಯಲ್ಲಿ ನಿಲ್ಲಲಿಲ್ಲ. ಎಲೆಕ್ಟ್ರಾ ಎಂದರೆ ಸಾಕು, ಗಾಡಿ ಹೊರಡುತ್ತದೆ.

ಈ ಚೌಕಳಿ ನಗರಕ್ಕೆ ಅರವತ್ತೇ ವರ್ಷದ ಪ್ರಾಯ. 1962ರಲ್ಲಿ ಅಬುಧಾಬಿಯಿಂದ ಮೊದಲ ಬಾರಿಗೆ ತೈಲ ರಫ್ತಾಯಿತು. 1966ರಲ್ಲಿ ಶೇಖ್ ಜಾಯೆದ್ ಬಿನ್ ಸುಲ್ತಾನ್ ಅಧಿಕಾರಕ್ಕೆ ಬಂದರು. ಜಪಾನಿನ ಕಟ್ಸುಹಿಕೊ ತಕಾಹಾಶಿ ಮತ್ತು ಈಜಿಪ್ಟಿನ ಅಬ್ದುಲ್‌ರಹಮಾನ್ ಮಖ್ಲೂಫ್ ಎಂಬ ಯೋಜಕರು ಮರಳಿನ ಮೇಲೆ ಎಳೆದ ಗೆರೆಗಳೇ ಇಂದಿನ ರಸ್ತೆಗಳು. ಅದಕ್ಕಿಂತ ಹಿಂದಿನದೆಂದು ತೋರಿಸಲು ಈ ಭಾಗದಲ್ಲಿ ಉಳಿದಿರುವುದು ಕಸ್ರ್ ಅಲ್ ಹೊಸ್ನ್ ಕೋಟೆ. ಹದಿನೆಂಟನೇ ಶತಮಾನದ ಕಾವಲು ಗೋಪುರದಿಂದ ಬೆಳೆದ ಈ ಕೋಟೆಯ ಆವರಣದಲ್ಲೇ 1981ರಲ್ಲಿ ಸಾಂಸ್ಕೃತಿಕ ಪ್ರತಿಷ್ಠಾನದ ಕಟ್ಟಡ ಎದ್ದಿತು. ಹಿಂದಿ ಚಿತ್ರಗಳನ್ನು ನೋಡಲು ಭಾರತೀಯರು ಸಾಲುಗಟ್ಟುತ್ತಿದ್ದ ಎಲ್ಡೊರಾಡೊ ಚಿತ್ರಮಂದಿರ ಇದ್ದದ್ದೂ ಎಲೆಕ್ಟ್ರಾದಲ್ಲೇ.

ಕರಾವಳಿ ಕನ್ನಡಿಗರಿಗೆ ಈ ಬೀದಿಯ ಪರಿಚಯ ಬೇರೊಂದು ದಾರಿಯಿಂದ ಆದದ್ದು. 1973ರಲ್ಲಿ ಕೆಲಸ ಹುಡುಕಿಕೊಂಡು ಅಬುಧಾಬಿಗೆ ಬಂದ ಕಾಪುವಿನ ಬಿ.ಆರ್. ಶೆಟ್ಟಿ ಅವರು 1975ರಲ್ಲಿ ನ್ಯೂ ಮೆಡಿಕಲ್ ಸೆಂಟರ್ ಆರಂಭಿಸಿದರು. ಎನ್‌ಎಂಸಿ ಎಂಬ ಹೆಸರಿನಲ್ಲಿ ಅದು ಬೆಳೆದು 2012ರಲ್ಲಿ ಲಂಡನ್ ಷೇರುಪೇಟೆ ಸೇರಿತು. 2020ರಲ್ಲಿ ಸಾಲದ ಹೊರೆಯಡಿ ಕುಸಿದು ನ್ಯಾಯಾಲಯ ನೇಮಿಸಿದ ಆಡಳಿತಗಾರರ ಕೈಸೇರಿತು. ಅದರ ಹೆಸರು ಹೊತ್ತ ಆಸ್ಪತ್ರೆ ಇದೇ ಬೀದಿಯಲ್ಲಿದೆ. ಮಂಗಳೂರು, ಉಡುಪಿ, ಕಾಸರಗೋಡು ಕಡೆಯ ಎಷ್ಟೋ ಕುಟುಂಬಗಳಿಗೆ ಎಲೆಕ್ಟ್ರಾ ಎಂದೊಡನೆ ನೆನಪಾಗುವುದು ಆ ಆಸ್ಪತ್ರೆ.

ಬೀದಿಯ ಊಟ ಅಲ್ಲಿ ದುಡಿಯುವವರ ಊಟ. ಕಫ್ಟೇರಿಯಾಗಳಲ್ಲಿ ಏಲಕ್ಕಿ ಹಾಕಿ ಕುದಿಸಿದ ಕಡಕ್ ಚಹಾ, ಪರೋಟಾದೊಳಗೆ ಸುತ್ತಿದ ಮೊಟ್ಟೆ, ಶವರ್ಮಾ, ಬಿಸಿ ಖುಬ್ಬೂಸ್ ರೊಟ್ಟಿ. ಸಸ್ಯಾಹಾರಿ ಹೋಟೆಲುಗಳಲ್ಲಿ ಇಡ್ಲಿ, ದೋಸೆ, ಮಧ್ಯಾಹ್ನದ ಥಾಲಿ. ಒಂದೇ ಫ್ಲ್ಯಾಟಿನಲ್ಲಿ ಬೆಡ್‌ಸ್ಪೇಸ್ ಹಂಚಿಕೊಂಡು ಬದುಕುವವರಿಗೆ ಇದೇ ಅಡುಗೆಮನೆ. ಈ ಅಂಗಡಿಗಳಲ್ಲಿ ಫ್ರಾನ್ಸಿನ ಪ್ರಾದೇಶಿಕ ಅಡುಗೆಯನ್ನೋ ಯುರೋಪಿನ ವೈನನ್ನೋ ಹುಡುಕುವುದು ವ್ಯರ್ಥ. ಅವೆರಡೂ ಇರುವುದು ಅಕ್ಕಪಕ್ಕದ ರಸ್ತೆಗಳಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ, ಹೋಟೆಲುಗಳ ಗಾಜಿನ ಬಾಗಿಲಿನ ಆಚೆ.

ಈ ಅಂತರಕ್ಕೆ ಬೆಲೆಗಿಂತ ಹೆಚ್ಚಾಗಿ ಕಾನೂನೇ ಕಾರಣ. ಅಬುಧಾಬಿಯಲ್ಲಿ ಮದ್ಯ ಬಡಿಸುವ ಪರವಾನಗಿ ಹೆಚ್ಚಾಗಿ ಹೋಟೆಲುಗಳಿಗೂ ಕ್ಲಬ್ಬುಗಳಿಗೂ ಅಂಟಿಕೊಂಡು ಬಂದಿದೆ. ವೈನಿಲ್ಲದೆ ಫ್ರೆಂಚ್ ಉಪಾಹಾರಗೃಹ ನಡೆಸುವುದು ಕಷ್ಟ. ಹಾಗಾಗಿ ಫ್ರೆಂಚ್ ಅಡುಗೆಯೂ ಹೋಟೆಲಿನ ಸೂರಿನಡಿ ಸೇರಿಕೊಂಡಿತು. ಹಮ್ದಾನ್ ರಸ್ತೆಯಲ್ಲಿ ಮೊದಲು ನೊವೊಟೆಲ್, ನಂತರ ಮರ್ಕ್ಯೂರ್ ಎಂಬ ಹೆಸರಿನಲ್ಲಿ ನಡೆದ, ಫ್ರಾನ್ಸಿನ ಅಕೋರ್ ಸಮೂಹದ ಹೋಟೆಲಿನೊಳಗೆ ‘ಲ ಬೋಜೊಲೆ’ ಎಂಬ ಬಿಸ್ಟ್ರೊ ಹೆಸರು ಮಾಡಿತ್ತು. ಎಲೆಕ್ಟ್ರಾದ ಪೂರ್ವ ತುದಿಯ ಆಚೆ, ಟೂರಿಸ್ಟ್ ಕ್ಲಬ್ ಪ್ರದೇಶದ ಲ ಮೆರಿಡಿಯನ್‌ನಲ್ಲಿ ‘ಲ ಬಿಸ್ಟ್ರೊ’ ಇತ್ತು. ಮೆರಿಡಿಯನ್ ಹೋಟೆಲು ಸರಣಿಯನ್ನು 1972ರಲ್ಲಿ ಹುಟ್ಟುಹಾಕಿದ್ದೇ ಏರ್ ಫ್ರಾನ್ಸ್ ವಿಮಾನ ಸಂಸ್ಥೆ.

ಫ್ರೆಂಚರು ಇಲ್ಲಿಗೆ ಬಂದದ್ದು ಅಡುಗೆ ಮಾಡಲು ಅಲ್ಲ, ತೈಲಕ್ಕಾಗಿ. 1954ರಲ್ಲಿ ಸಮುದ್ರ ಸಂಶೋಧಕ ಜಾಕ್ ಕೂಸ್ಟೊ ತಮ್ಮ ‘ಕ್ಯಾಲಿಪ್ಸೊ’ ಹಡಗಿನಲ್ಲಿ ಅಬುಧಾಬಿ ಕಡಲ ತಳದ ಸಮೀಕ್ಷೆ ನಡೆಸಿದರು. ಅಲ್ಲಿ ತೈಲ ತೆಗೆಯಲು ನಿಂತ ಕಂಪನಿಯಲ್ಲಿ ಬ್ರಿಟಿಷರ ಪಾಲು ಮೂರರಲ್ಲಿ ಎರಡು, ಫ್ರೆಂಚರದು ಒಂದು. ಮುಂದೆ 2006ರಲ್ಲಿ ಸೊರ್ಬೋನ್ ವಿಶ್ವವಿದ್ಯಾಲಯದ ಶಾಖೆ, 2009ರಲ್ಲಿ ಫ್ರೆಂಚ್ ಸೇನಾ ನೆಲೆ, 2017ರ ನವೆಂಬರಿನಲ್ಲಿ ಸಾದಿಯಾತ್ ದ್ವೀಪದ ಲೂವ್ರ್ ಅಬುಧಾಬಿ ವಸ್ತುಸಂಗ್ರಹಾಲಯ ಬಂದವು. ಪ್ಯಾರಿಸಿನ ‘ಫೂಕೆಟ್ಸ್’ ಉಪಾಹಾರಗೃಹ ತನ್ನ ಶಾಖೆಯನ್ನು ತೆರೆದದ್ದು ಆ ಲೂವ್ರ್‌ನಲ್ಲೇ. ಇಷ್ಟಾದರೂ 2022ರಲ್ಲಿ ಅಬುಧಾಬಿಯ ಮೊದಲ ಮಿಷೆಲಿನ್ ಪಟ್ಟಿ ಪ್ರಕಟವಾದಾಗ ನಕ್ಷತ್ರ ಸಿಕ್ಕಿದ್ದು ಒಂದು ಚೀನೀ, ಒಂದು ಜಪಾನಿ, ಒಂದು ಇಟಾಲಿಯನ್ ಉಪಾಹಾರಗೃಹಕ್ಕೆ. ನಕ್ಷತ್ರ ಹಂಚುವ ಸಂಸ್ಥೆ ಮಾತ್ರ ಫ್ರೆಂಚರದು.

ಫ್ರೆಂಚ್ ಅಡುಗೆ ಎಂಬ ಒಂದೇ ಅಡುಗೆ ಇಲ್ಲ. ಉತ್ತರದ ನಾರ್ಮಂಡಿಯಲ್ಲಿ ಬೆಣ್ಣೆ, ಕೆನೆ, ಸೇಬು. ದಕ್ಷಿಣದ ಪ್ರೊವಾನ್ಸಿನಲ್ಲಿ ಆಲಿವ್ ಎಣ್ಣೆ, ಬೆಳ್ಳುಳ್ಳಿ, ಟೊಮೆಟೊ. ನೈರುತ್ಯದಲ್ಲಿ ಬಾತುಕೋಳಿಯ ಮಾಂಸವನ್ನು ಅದರದೇ ಕೊಬ್ಬಿನಲ್ಲಿ ನಿಧಾನವಾಗಿ ಬೇಯಿಸಿಡುತ್ತಾರೆ. ಜರ್ಮನಿಯ ಗಡಿಯ ಅಲ್ಸಾಸಿನಲ್ಲಿ ಹುಳಿ ಬರಿಸಿದ ಕೋಸಿನ ಮೇಲೆ ಹಂದಿಮಾಂಸ ಹೇರಿದ ಶೂಕ್ರೂತ್. ಬರ್ಗಂಡಿಯಲ್ಲಿ ದನದ ಮಾಂಸವಾಗಲಿ ಕೋಳಿಯಾಗಲಿ ಕೆಂಪು ವೈನಿನಲ್ಲೇ ಬೇಯಬೇಕು.

ಕೊಲ್ಲಿಯ ನೆಲಕ್ಕೆ ಬಂದಾಗ ಇವುಗಳಲ್ಲಿ ಕೆಲವು ಹಾಗೇ ಉಳಿಯುತ್ತವೆ, ಕೆಲವು ಬೇರೆಯೇ ಆಗುತ್ತವೆ. ಬಾತುಕೋಳಿ ಹಲಾಲ್ ಆಗಿದ್ದರೆ ನೈರುತ್ಯದ ಅಡುಗೆಗೆ ತೊಂದರೆಯಿಲ್ಲ. ಹಂದಿಮಾಂಸದ ಜಾಗಕ್ಕೆ ಕರುವಿನ ಮಾಂಸ ಬಂದರೆ ಶೂಕ್ರೂತ್ ಶೂಕ್ರೂತಾಗಿ ಉಳಿಯುವುದಿಲ್ಲ. ವೈನ್ ಹಾಕಿದ, ಹಂದಿಮಾಂಸ ಸೇರಿದ ತಿನಿಸುಗಳ ಮುಂದೆ ಮೆನುವಿನಲ್ಲಿ ಗುರುತು ಹಾಕುವುದು ಅಲ್ಲಿನ ರೂಢಿ; ಓದದೆ ಆರ್ಡರ್ ಮಾಡಬಾರದು. ಮಾರ್ಸೇ ಬಂದರಿನ ಬುಯ್ಯಾಬೆಸ್ ಎಂಬ ಮೀನಿನ ಸಾರಿಗೆ ಅಲ್ಲಿನ ಬಂಡೆಗಲ್ಲುಗಳ ನಡುವಿನ ಮುಳ್ಳುಮೀನೇ ಬೇಕು. ಕೊಲ್ಲಿಯ ಹಮೂರ್ ಮೀನಿನಲ್ಲಿ ಮಾಡಿದ್ದು ರುಚಿಯಾಗಬಹುದು, ಆದರೆ ಅದಕ್ಕೆ ಬೇರೆ ಹೆಸರಿಡುವುದೇ ಪ್ರಾಮಾಣಿಕತೆ.

ಸಸ್ಯಾಹಾರಿ ಕನ್ನಡಿಗರಿಗೆ ಇನ್ನೂ ಕೆಲವು ಎಚ್ಚರಿಕೆಗಳು ಬೇಕು. ಈರುಳ್ಳಿ ಸೂಪಿನ ತಳದಲ್ಲಿ ಸಾಮಾನ್ಯವಾಗಿ ದನದ ಎಲುಬಿನ ರಸ ಇರುತ್ತದೆ. ಕೀಶ್ ಲೊರೇನಿನಲ್ಲಿ ಬೇಕನ್ ಇರುತ್ತದೆ. ರೊಕ್ಫೋರ್, ಕೊಂತೆಯಂಥ ಹೆಸರಾಂತ ಚೀಸುಗಳಿಗೆ ಹಾಲು ಒಡೆಯಲು ಬಳಸುವ ರೆನೆಟ್ ಕರುವಿನ ಅಥವಾ ಕುರಿಮರಿಯ ಜಠರದ್ದು. ನಂಬಿ ತಿನ್ನಬಹುದಾದದ್ದು ನೀಸ್ ಊರಿನ ರಟಟುಯಿ: ಬದನೆ, ಟೊಮೆಟೊ, ದೊಣ್ಣೆಮೆಣಸು, ಜುಕಿನಿಗಳ ಪಲ್ಯ. ಅದೇ ಊರಿನ ಸೊಕ್ಕಾ ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ ಕಲಸಿ ಬೇಯಿಸುವ ದೋಸೆಯೇ ಸರಿ. ದುಬಾರಿ ಹೋಟೆಲುಗಳು ಇಂಥ ಬಡವರ ತಿಂಡಿಯನ್ನು ಮೆನುವಿಗೆ ಸೇರಿಸದಿದ್ದರೆ ಅದು ದೊಡ್ಡ ನಷ್ಟ.

ವೈನ್ ಕೂಡ ಊರಿನ ಹೆಸರಿನಿಂದಲೇ ಗುರುತಾಗುವ ವಸ್ತು. ಫ್ರಾನ್ಸಿನಲ್ಲಿ 1935ರಿಂದ ಯಾವ ಸೀಮೆಯ ವೈನಿಗೆ ಯಾವ ದ್ರಾಕ್ಷಿ, ಎಷ್ಟು ಇಳುವರಿ ಎಂಬುದು ಕಾನೂನಿನಲ್ಲಿದೆ. ಬೊರ್ಡೊದಲ್ಲಿ ಕ್ಯಾಬರ್ನೆ ಸೊವಿನ್ಯೋನ್ ಮತ್ತು ಮೆರ್ಲೊ ಬೆರೆಸುತ್ತಾರೆ. ಬರ್ಗಂಡಿಯ ಕೆಂಪು ವೈನಿಗೆ ಪಿನೊ ನ್ವಾರ್, ಬಿಳಿಗೆ ಶಾರ್ಡೊನೆ. ಲಿಯೋನ್ ನಗರದ ಉತ್ತರಕ್ಕಿರುವ ಬೋಜೊಲೆಯಲ್ಲಿ ಗಾಮೆ ಎಂಬ ದ್ರಾಕ್ಷಿ. ಆ ಸೀಮೆಯ ಹೊಸ ವೈನ್ ಪ್ರತಿ ವರ್ಷ ನವೆಂಬರ್ ತಿಂಗಳ ಮೂರನೆಯ ಗುರುವಾರ ಜಗತ್ತಿನಾದ್ಯಂತ ಮಾರಾಟಕ್ಕೆ ಬರುತ್ತದೆ. ಸ್ಪೇನಿನ ರಿಯೋಹಾ, ಇಟಲಿಯ ಕಿಯಾಂಟಿಗಳೂ ಹೋಟೆಲು ಪಟ್ಟಿಗಳಲ್ಲಿ ಸಿಗುತ್ತವೆ. ಹೊಸಬರಿಗೆ ಬೊರ್ಡೊಗಿಂತ ಬೋಜೊಲೆಯೇ ಮೇಲು: ಒಗರು ಕಡಿಮೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ, ಕೋಳಿಗೂ ಮೀನಿಗೂ ಹೊಂದುತ್ತದೆ.

ಕೆಂಪು ವೈನನ್ನು ಕೋಣೆಯ ಬಿಸಿಯಲ್ಲಿ ಕುಡಿಯಬೇಕೆಂಬ ಮಾತು ಯುರೋಪಿನ ತಣ್ಣನೆಯ ಮನೆಗಳಲ್ಲಿ ಹುಟ್ಟಿದ್ದು. ಅದರ ಅರ್ಥ 16ರಿಂದ 18 ಡಿಗ್ರಿ. ಬೋಜೊಲೆಗೆ 13 ಡಿಗ್ರಿಯ ಆಸುಪಾಸು ಸಾಕು. ಅಬುಧಾಬಿಯ ಬೇಸಿಗೆ 45 ಡಿಗ್ರಿ ದಾಟುವುದರಿಂದ ಬಾಟಲಿಯನ್ನು ಕಾರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಬಿಟ್ಟರೂ ಒಳಗಿನದು ಬೇಯುತ್ತದೆ.

ಕನ್ನಡ ನಾಡಿಗೆ ಫ್ರೆಂಚ್ ವೈನಿನ ವಿದ್ಯೆ ಬಂದ ದಾರಿ ಇದಕ್ಕಿಂತ ನೇರ. 1980ರ ದಶಕದ ಕೊನೆಯಲ್ಲಿ ಉದ್ಯಮಿ ಕನ್ವಲ್ ಗ್ರೋವರ್, ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ನೆರವಿನಿಂದ ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಹತ್ತಿರ ಫ್ರೆಂಚ್ ದ್ರಾಕ್ಷಿ ನೆಟ್ಟರು. ಆಮೇಲೆ ಬೊರ್ಡೊದ ಮಿಷೆಲ್ ರೊಲಾನ್ ಸಲಹೆಗಾರರಾಗಿ ಬಂದರು. ಕರ್ನಾಟಕ ಸರ್ಕಾರ 2007ರಲ್ಲಿ ಪ್ರತ್ಯೇಕ ವೈನ್ ನೀತಿ ತಂದು ವೈನ್ ಮಂಡಳಿಯನ್ನೂ ರಚಿಸಿತು. ಎಲೆಕ್ಟ್ರಾದ ಸುತ್ತಮುತ್ತ ದ್ರಾಕ್ಷಿ ಬಳ್ಳಿಯಿಲ್ಲ. ಪ್ರತಿ ಬಾಟಲಿಯೂ ಹಡಗಿನಲ್ಲೋ ವಿಮಾನದಲ್ಲೋ ಬರಬೇಕು.

ಅಬುಧಾಬಿ 2020ರ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಮದ್ಯ ಪರವಾನಗಿಯ ಪದ್ಧತಿಯನ್ನು ಕೈಬಿಟ್ಟಿತು. ಈಗ 21 ತುಂಬಿದವರು ಅಧಿಕೃತ ಅಂಗಡಿಯಲ್ಲಿ ಕೊಂಡು ಮನೆಯಲ್ಲಿ ಕುಡಿಯಬಹುದು. ಬೀದಿಯಲ್ಲಿ, ಪಾರ್ಕಿನಲ್ಲಿ, ಕಡಲ ದಂಡೆಯಲ್ಲಿ ಕುಡಿಯುವುದು ಅಪರಾಧ. ಕುಡಿದು ಗಾಡಿ ಓಡಿಸುವವರಿಗೆ ಯಾವ ಪ್ರಮಾಣದ ರಿಯಾಯಿತಿಯೂ ಇಲ್ಲ. ಒಂದು ಲೋಟ ವೈನ್ ಕುಡಿದವರೂ ಟ್ಯಾಕ್ಸಿಯನ್ನೇ ಹಿಡಿಯಬೇಕು.