ಅಟ್ಟದ ಮೇಲಿನ ವಿಡಿಯೋ ಗೇಮ್ ಗುಜರಿಗೆ ಹಾಕ್ಬೇಡಿ!

ಬೀದರ್, ಭಾಲ್ಕಿ, ಔರಾದ್‌ನಲ್ಲಿ ಬೆಳೆದ ನನ್ನ ವಯಸ್ಸಿನವರು ಮಾರಿಯೋ, ಕಾಂಟ್ರಾ ಆಡಿದ್ದು ಯಾವುದರಲ್ಲಿ ಗೊತ್ತಾ? 1983ರಲ್ಲಿ ಜಪಾನಿನ ನಿಂಟೆಂಡೊ ತಂದ ಫ್ಯಾಮಿಕಾಮ್‌ನ ಅಗ್ಗದ ನಕಲುಗಳಲ್ಲಿ. ರಜೆಗೆ ಊರಿಗೆ ಬಂದಾಗ ನಾವು ಗೆಳೆಯರು ಈಗ ಅವನ್ನೇ ಬಿಚ್ಚಿ ಕೂರ್ತೀವಿ.

ಮೊದಲು ಅಡಾಪ್ಟರ್ ನೋಡಿ. ಪಿನ್ ಕೂತಿತೆಂದು ಹಚ್ಚಬೇಡಿ. ಕೆಲವದರಲ್ಲಿ ನಡುವಿನದು ಪ್ಲಸ್, ಕೆಲವದರಲ್ಲಿ ಮೈನಸ್. ಮಲ್ಟಿಮೀಟರ್ ಹಿಡಿದು ಖಾತ್ರಿ ಮಾಡ್ಕೊಳ್ಳಿ. ಒಳಗೆ 7805 ರೆಗ್ಯುಲೇಟರ್ ಇದ್ದರೆ ಅದರಿಂದ 5 ವೋಲ್ಟ್ ಬರಬೇಕು. ಬರದಿದ್ದರೆ ಬದಲಿಸಿ, ದುಬಾರಿಯಲ್ಲ. ಚಿತ್ರ ಚೆಲ್ಲಾಪಿಲ್ಲಿಯಾದರೆ ಕ್ಯಾಸೆಟ್‌ಗೆ ಊದಬೇಡಿ, ಉಸಿರಿನ ತೇವಕ್ಕೆ ಪಿನ್ ಕಿಲುಬು ಹಿಡಿಯುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ 60 ಪಿನ್ನನ್ನೂ ಒರೆಸಿ. ಬೋರ್ಡ್ ಮೇಲಿನ ಕರಿ ಅಂಟಿನ ಉಂಡೆಯೊಳಗಿನ ಚಿಪ್ಪೇ ಸತ್ತಿದ್ದರೆ ಮಾತ್ರ ಕೈಮುಗಿದು ಬಿಡಿ.

ಔರಾದ್‌ನ ಗೆಳೆಯನ ಗನ್ ಚೆನ್ನಾಗೇ ಇತ್ತು, ಬಾತುಕೋಳಿ ಬೀಳ್ತಿರಲಿಲ್ಲ. ಟ್ರಿಗರ್ ಒತ್ತಿದಾಗ ಪರದೆ ಕ್ಷಣಕಾಲ ಕಪ್ಪಾಗಿ, ಕೋಳಿಯ ಜಾಗ ಬೆಳ್ಳಗಾಗುತ್ತೆ. ಗನ್ ಹುಡುಕೋದು ಆ ಬೆಳಕನ್ನೇ. ಎಲ್‌ಇಡಿ ಟಿವಿ ಅದನ್ನು ತಡವಾಗಿ ತೋರಿಸುತ್ತೆ. ಹಳೇ ಡಬ್ಬಾ ಟಿವಿಯೇ ಬೇಕು. ಅದರ ಹಿಂಬದಿ ಮಾತ್ರ ನೀವು ಬಿಚ್ಚಬೇಡಿ, ಆಫ್ ಮಾಡಿದ ಮೇಲೂ ಜೀವಕ್ಕೆ ಅಪಾಯದ ವೋಲ್ಟೇಜ್ ಉಳಿದಿರುತ್ತೆ.

ಭಾಲ್ಕಿಯಲ್ಲಿ ಅದನ್ನು ಬಲ್ಲ ರಿಪೇರಿ ಕಾಕಾ ಒಬ್ಬರಿದ್ದಾರೆ. "ಇನ್ನ ಎಷ್ಟ ದಿನ ಮಾಡ್ಲಿ ತಮ್ಮಾ, ಕಣ್ಣು ಕಾಣಂಗಿಲ್ಲ" ಅಂದ್ರು. ಪಾರ್ಟ್ಸ್ ಆನ್‌ಲೈನ್‌ನಲ್ಲಿ ಸಿಗುತ್ತೆ, ಅವರ ಕೈಗುಣ ಸಿಗಲ್ಲ. ಅದಕ್ಕೇ ನಾವು ಅವರ ಪಕ್ಕ ಕೂತು ಬೆಸುಗೆ ಕಲೀತಿದ್ದೀವಿ. ನಿಮ್ಮೂರಲ್ಲೂ ಅಂಥ ಅಂಗಡಿ ಇದ್ದರೆ, ಮುಚ್ಚೋ ಮುಂಚೆ ಒಮ್ಮೆ ಹೋಗಿ ಬನ್ನಿ.