ಕೈಬರಹದ ಅಚ್ಚಕ್ಷರ: ಅದರ ಸೊಗಸು ಮತ್ತು ಬಳಕೆ

ಕನ್ನಡದ ಮೊದಲ ವೃತ್ತಪತ್ರಿಕೆಯು ಓದುಗರ ಕೈ ಸೇರಿದ್ದು ಕೈಬರಹದ ರೂಪದಲ್ಲಿಯೇ ಎಂಬುದು ಸ್ಮರಣೀಯ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ಹೊರಡಿಸಿದ 'ಮಂಗಳೂರ ಸಮಾಚಾರ'ವು ಕಲ್ಲಚ್ಚಿನಲ್ಲಿ ಮುದ್ರಿತವಾದುದು. ಲಿಪಿಕಾರನ ಕೈಯ ಅಕ್ಷರವೇ ಕಲ್ಲಿನ ಮೇಲೆ ಮೂಡಿ, ಅಲ್ಲಿಂದ ಕಾಗದಕ್ಕೆ ಇಳಿಯುತ್ತಿದ್ದಿತು. ಮರುವರ್ಷ ಪತ್ರಿಕೆಯು ಬಳ್ಳಾರಿಗೆ ಸಾಗಿ 'ಕನ್ನಡ ಸಮಾಚಾರ'ವೆನಿಸಿದಾಗ ಅಚ್ಚುಮೊಳೆಗಳು ಆ ಕೈಯ ಸ್ಥಾನವನ್ನು ಪಡೆದವು.

ಇಂದು ಗಣಕಯಂತ್ರವು ಆ ಕೈಬರಹವನ್ನು ಬೇರೊಂದು ಬಗೆಯಲ್ಲಿ ಮರಳಿ ತಂದಿದೆ. ಅರವಿಂದ ವಿ.ಕೆ. ಅವರು ರೂಪಿಸಿದ 'ನವಿಲು' ಎಂಬ ಫಾಂಟ್ ಕನ್ನಡದ ಕೈಬರಹವನ್ನು ಅನುಸರಿಸಿದ್ದು, ಎಲ್ಲರಿಗೂ ಮುಕ್ತವಾಗಿ ದೊರೆಯುತ್ತದೆ. ಇಂಥ ಅಕ್ಷರಗಳಲ್ಲಿ ಮೊಳೆಯ ಬಿಗುವಿಲ್ಲ. ಆತ್ಮೀಯರೊಬ್ಬರು ಬರೆದು ಕಳುಹಿದ ಓಲೆಯ ಸಲುಗೆಯಿದೆ. ಆಮಂತ್ರಣಪತ್ರ, ಮಕ್ಕಳ ಕಥೆಯ ಶೀರ್ಷಿಕೆ, ಶಾಲೆಯ ಭಿತ್ತಿಪತ್ರಿಕೆ, ಚಿತ್ರದಡಿಯ ಒಂದೆರಡು ಸಾಲು ಇವುಗಳಿಗೆ ಅವು ಚೆನ್ನಾಗಿ ಒಪ್ಪುತ್ತವೆ. ಪುಟಗಟ್ಟಲೆ ಬಳಸಿದರೆ ಮಾತ್ರ ಗುಟ್ಟು ಬಯಲಾಗುತ್ತದೆ. ಮನುಷ್ಯನ ಕೈ ಒಂದು 'ಕ'ದಂತೆ ಇನ್ನೊಂದು 'ಕ'ವನ್ನು ಬರೆಯಲಾರದು. ಯಂತ್ರದ 'ಕ'ಗಳೋ ಒಂದೇ ಎರಕದ ಗೊಂಬೆಗಳು.

ಇದಕ್ಕಿಂತ ಗುರುತರವಾದುದು ಅರ್ಥದ ಪ್ರಶ್ನೆ. ಕನ್ನಡ ಲಿಪಿಯಲ್ಲಿ ಅರ್ಥವು ಅನೇಕ ವೇಳೆ ಒಂದು ಸೀಳು ಅಥವಾ ಒಂದು ಚುಕ್ಕೆಯನ್ನು ಆಶ್ರಯಿಸಿರುತ್ತದೆ. ಶಾಲೆಗಳಲ್ಲಿ 'ಹೊಟ್ಟೆ ಸೀಳುವುದು' ಎನ್ನುವ ಆ ಗೆರೆ ಮಾಸಿದರೆ ಧನವು ದನವಾಗುತ್ತದೆ, ಭರವು ಬರವಾಗುತ್ತದೆ. ಚುಕ್ಕೆ ಅಳಿದರೆ ಮಠವು ಮರವಾಗುತ್ತದೆ! ದಾನಿಗಳ 'ಧನಸಹಾಯ'ವನ್ನು ಸ್ಮರಿಸುವ ಫಲಕದಲ್ಲಿ ಈ ಪ್ರಮಾದ ಸಂಭವಿಸಿದರೆ ನಗುವವರೇ ಹೆಚ್ಚು. ಆದುದರಿಂದ ನಾಮಫಲಕ, ಅಂಕಪಟ್ಟಿ, ಪ್ರಮಾಣಪತ್ರಗಳಿಗೆ ಸಲುಗೆಯ ಅಕ್ಷರ ಸಲ್ಲದು. 'ರಾಷ್ಟ್ರ' ಎಂಬಲ್ಲಿ ಎರಡೆರಡು ಒತ್ತುಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವಣ ಅಂತರವನ್ನೂ ಧಾರಾಳವಾಗಿ ಬಿಡಬೇಕು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ಮತ್ತೊಂದು ಸೂಕ್ಷ್ಮವುಂಟು. ಇದು ಕನ್ನಡ ತೆಲುಗುಗಳು ಒಂದೇ ಅಂಗಳದಲ್ಲಿ ಆಡುವ ನಾಡು; ಕೈವಾರದ ಯೋಗಿ ನಾರೇಯಣ ಯತೀಂದ್ರರು ಎರಡು ಭಾಷೆಗಳಲ್ಲಿಯೂ ಹಾಡಿದವರು. ಎರಡು ಲಿಪಿಗಳೂ ಒಂದೇ ಮೂಲದವು. ಅನೇಕ ಅಕ್ಷರಗಳಲ್ಲಿ ಅವನ್ನು ಬೇರ್ಪಡಿಸುವುದು ಮುಖ್ಯವಾಗಿ ತಲೆಕಟ್ಟು: ಕನ್ನಡದಲ್ಲಿ ಅದು ಅಡ್ಡಲಾಗಿ ಹರಿಯುತ್ತದೆ, ತೆಲುಗಿನಲ್ಲಿ ಸರಿಗುರುತಿನಂತೆ ಮೇಲಕ್ಕೇಳುತ್ತದೆ. ಅವಸರದ ಕುಂಚದಂತೆ ಕಾಣಿಸಬೇಕೆಂದು ವಿನ್ಯಾಸಕಾರನು ತಲೆಕಟ್ಟನ್ನು ಮೇಲಕ್ಕೆ ಓರೆಯಾಗಿಸಿದರೆ ಕನ್ನಡದ ಅಕ್ಷರ ತೆಲುಗಿನ ಭ್ರಾಂತಿಯನ್ನು ಹುಟ್ಟಿಸುತ್ತದೆ. ಮನೆಯಲ್ಲಿ ತೆಲುಗಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಗುವಿಗೆ ಈ ತೊಡಕು ಸಣ್ಣದಲ್ಲ.

ಫಾಂಟ್ ಆರಿಸುವವರು ಮಠ, ಧನ, ಫಲ, ಪಾಠ, ರಾಷ್ಟ್ರ ಎಂಬ ಐದು ಪದಗಳನ್ನು ಅದರಲ್ಲಿ ಸಣ್ಣದಾಗಿ ಮುದ್ರಿಸಿ, ಮೂರನೆಯ ತರಗತಿಯ ಮಗುವಿನಿಂದ ಓದಿಸಿ ನೋಡಬಹುದು. ತಡವರಿಸದೆ ಓದಿದರೆ ಆ ಫಾಂಟ್ ಶೀರ್ಷಿಕೆಗೆ ಯೋಗ್ಯ.